ಹರ್ನಿಯಾದ ಹುಡುಗ ಕನ್ಯಾ ನೋಡಲು ಹೋದದ್ದು

ನನಗೆ ಹರ್ನಿಯಾ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗೋಕಾಕದಲ್ಲಿ ನಮ್ಮ ಓಣಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಒಂದೂವರೆ ವರ್ಷ ಯಾರನ್ನು ಕೇಳಿದರೂ ಆಗಿತ್ತೆಂದೇ ಹೇಳುತ್ತಿದ್ದರು. ಆಪರೇಶನ್ ಆಗಿದ್ದು ಖರೆ. ಹೊಟ್ಟೆಯ ಕೆಳಗೆ ಎಡಬದಿಗೆ ಬೆರಳುದ್ದದ ಗಾಯದ ಗುರುತು ಇರುವುದೂ ಖರೆ. ಈ ಗುರುತು ನೋಡಲು ಹರ್ನಿಯಾ ಆಪರೇಶನ್ನಿನದರ ಹಾಗೆಯೇ ಇರುತ್ತದೆ ಎಂದು ಬೆಳಗಾವಿಯ ಡಾಕ್ಟರು ಮಾತಿನ ನಡುವೆ ಹೇಳಿದಾಗ, ತಿಂಗಳಿಂದ ಬಾಡಿದ್ದ ಅವ್ವನ ಮುಖ ಮೊದಲ ಸಲ ಗೆಲುವಾಯಿತು. ಡಾಕ್ಟರು ಇನ್ನೂ ರೋಗದ ಬಗ್ಗೆ ಹೇಳುತ್ತಲೇ ಇದ್ದರು. ಅವ್ವ ಮಾತ್ರ ಊರಿಗೆ ಏನು ಹೇಳಬೇಕೆಂಬುದನ್ನು ಅಷ್ಟರಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಆಗಿದ್ದು ಕ್ಯಾನ್ಸರ್. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಎಡ ವೃಷಣದಲ್ಲಿ. ವೃಷಣ ಎಂಬ ಪದವನ್ನು ನಾನು ಮೊದಲು ಓದಿದ್ದು ಆಸ್ಪತ್ರೆಯ ಕಾಗದದಲ್ಲಿ. ನಮ್ಮ ಕಡೆ ಬಾಯಿಬಿಟ್ಟು ಅದನ್ನು ಅಂದವರನ್ನು ನಾನು ಕಂಡಿಲ್ಲ. ಆಡುಮಾತಿನಲ್ಲಿ ಬೇರೆ ಪದ ಇದೆ, ಅದು ಬೈಯುವಾಗ ಮಾತ್ರ ಹೊರಬರುತ್ತದೆ. ಹೀಗಾಗಿ ನನ್ನ ರೋಗದ ಜಾಗಕ್ಕೆ ಇದ್ದ ಎರಡು ಹೆಸರುಗಳಲ್ಲಿ ಒಂದು ಯಾರಿಗೂ ತಿಳಿಯದ್ದು, ಇನ್ನೊಂದು ಅವ್ವನ ಮುಂದೆ ಆಡಬಾರದ್ದು. ಮೇಲಾಗಿ ದನದ ಸಂತೆ ಕಂಡ ಸೀಮೆ ನಮ್ಮದು. ಹೋರಿಗೆ ಏನು ಮಾಡಿದರೆ ಎತ್ತಾಗುತ್ತದೆ ಎಂಬುದು ಇಲ್ಲಿ ಸಾಲಿಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಸುದ್ದಿ ಹೊರಬಿದ್ದರೆ ನನಗೆ ಯಾವ ಹೆಸರು ಬೀಳುತ್ತದೆ ಎಂದು ಅವ್ವನೂ ನಾನೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಒಂದು ತೆಗೆದರೂ ಇನ್ನೊಂದು ಸಾಕು, ಸಂಸಾರಕ್ಕೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದರು. ಆದರೆ ಡಾಕ್ಟರು ನಮ್ಮ ಓಣಿಯಲ್ಲಿ ಇರುವವರಲ್ಲ.

ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಹೊಲದ ಪಂಪಿನ ಮೋಟರು ಸುಟ್ಟರೆ ರೈತರು ಅದನ್ನು ನಮ್ಮ ಅಂಗಡಿಗೆ ತರುತ್ತಾರೆ. ಒಳಗೆ ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಕೊಡುವುದು ನನ್ನ ಕೆಲಸ. ಅವ್ವ ಇದನ್ನೇ ಹಿಡಿದುಕೊಂಡಳು. “ಮೋಟರ ಎತ್ತಿ ಎತ್ತಿ ಹರ್ನಿಯಾ ಆತ್ರಿ ನಮ್ಮ ಹುಡುಗಗ” ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ಈ ಮಾತು ಅಂಗಡಿಯ ಮಾಲಕರ ಮನಸ್ಸಿಗೆ ನಾಟಿತು. ನಾನು ತಿರುಗಿ ಕೆಲಸಕ್ಕೆ ಹೋಗುವ ಹೊತ್ತಿಗೆ ಮೋಟರು ಎತ್ತಲೆಂದು ಛಾವಣಿಯ ತೊಲೆಗೆ ಚೈನ್ ಪುಲ್ಲಿ ಕಟ್ಟಿಸಿದ್ದರು. ಕೆಲಸಗಾರರೆಲ್ಲ ಸೇರಿ ಎಷ್ಟೋ ವರ್ಷ ಕೇಳಿದರೂ ಆಗದ ಕೆಲಸ ಅವ್ವನ ಒಂದು ಸುಳ್ಳಿನಿಂದ ಆಯಿತು. ಅದರಡಿ ನಿಂತಾಗಲೆಲ್ಲ ಮಾಲಕರು ನನ್ನನ್ನು ನೋಡಿ ಕಣ್ಣು ತಗ್ಗಿಸುತ್ತಿದ್ದರು, ನಾನು ಅವರನ್ನು ನೋಡಿ ತಗ್ಗಿಸುತ್ತಿದ್ದೆ.

ಬ್ಯಾನಿ ಬಿದ್ದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಬಿಸ್ಕಿಟು, ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುತ್ತಾರೆ, ಕಾಟಿನ ತುದಿಗೆ ಕೂಡುತ್ತಾರೆ, ಇದೇ ಬ್ಯಾನಿಯಿಂದ ಯಾರು ಯಾರು ಸತ್ತರು ಎಂದು ನೆನಪಿಸಿಕೊಳ್ಳುತ್ತಾರೆ. ಹರ್ನಿಯಾದಿಂದ ಹೆಚ್ಚು ಜನ ಸತ್ತಿಲ್ಲವಾದ್ದರಿಂದ ನನ್ನ ಕಾಟಿನ ತುದಿಗೆ ಕೂತವರಿಗೆ ಮಾತು ಬೇಗ ತೀರುತ್ತಿತ್ತು. ತೊಡಕಾದದ್ದು ಕೀಮೋ ಶುರುವಾದ ಮೇಲೆ. ಹರ್ನಿಯಾದವನ ತಲೆಗೂದಲು ಯಾಕೆ ಉದುರಬೇಕು? ದೇವರಿಗೆ ಮುಡಿ ಕೊಟ್ಟೆವು ಎಂದಳು ಅವ್ವ. ಎಲ್ಲರೂ ಒಪ್ಪಿದರು. ಪಕ್ಕದ ಮನೆಯ ಮುದುಕಿ ಮಾತ್ರ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ತಲಿ ದೇವರಿಗೆ ಕೊಟ್ರಿ. ಹುಬ್ಬು ಯಾರಿಗೆ ಕೊಟ್ರಿ?” ಎಂದು ಕೇಳಿದಳು. ಅವ್ವ ಆಕೆಗೆ ಚಹಾ ಮಾಡಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆರಾಮಾದ ಮೇಲೆ ಇನ್ನೊಂದು ಶುರುವಾಯಿತು. ಹರ್ನಿಯಾ ಇದ್ದವರು ಸಲಹೆ ಕೇಳಲು ನನ್ನ ಹತ್ತಿರ ಬರತೊಡಗಿದರು. ಬೆಲ್ಟು ಕಟ್ಟಿಕೊಂಡರೆ ನಡೆಯುತ್ತದೋ, ಕೊಯ್ಯಲೇಬೇಕೋ, ಎಷ್ಟು ದಿನಕ್ಕೆ ಸೈಕಲ್ ಹೊಡೆಯಬಹುದು. ನಾನು ಮೊಬೈಲಿನಲ್ಲಿ ಓದಿ ತಿಳಿದುಕೊಂಡು ಹೇಳುತ್ತಿದ್ದೆ. ಊರಿನ ಎಷ್ಟೋ ಗಂಡಸರು ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ ನನಗೆ ತಮ್ಮ ಗುಟ್ಟು ತೋರಿಸಿದ್ದಾರೆ. ನನ್ನ ಗುಟ್ಟು ಹೇಳಲು ಮಾತ್ರ ನನಗೊಬ್ಬರೂ ಇರಲಿಲ್ಲ. ಹಾಡುಹಗಲು ಅಂಗಡಿ ತುಂಬ ಜನರಿರುವಾಗ ತಂತಿ ಸುತ್ತುತ್ತ ಕೂತು ನಾನು ಸಾಯುತ್ತೇನೋ ಏನೋ ಎಂದು ಯೋಚಿಸುತ್ತಿದ್ದೆ, ಸುತ್ತಿದ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಸುತ್ತುತ್ತಿದ್ದೆ.

ಕೀಮೋ ಮುಗಿದು ಮೊದಲ ತಪಾಸಣೆಗೆ ಹೋದಾಗ ಆಸ್ಪತ್ರೆಯವರು ನನ್ನನ್ನು ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ನನ್ನ ವಯಸ್ಸಿನವರೇ. ಮೇಜಿನ ಮೇಲೆ ಮುದ್ರಿಸಿದ ಹಾಳೆ ಇತ್ತು. “ಕಳೆದ ಎರಡು ವಾರಗಳಲ್ಲಿ ನಿಮಗೆ ನಿರಾಶೆಯ ಭಾವನೆ ಎಷ್ಟು ಬಾರಿ ಉಂಟಾಗಿದೆ?” ಎಂದು ಓದಿದರು. ಕರೆಂಟು ಹೋದಾಗ ಆಗುವುದನ್ನೂ ಹಿಡಿಯಬೇಕೇನ್ರಿ ಎಂದೆ. ಅವರು ನಗದೆ, ಅದನ್ನು ಬಿಟ್ಟು ಹೇಳಿ ಎಂದರು. “ನಿಮ್ಮ ಭಾವನೆಗಳನ್ನು ಯಾರೊಂದಿಗೆ ಹಂಚಿಕೊಳ್ಳುತ್ತೀರಿ?” ಎಂಬುದು ಕೊನೆಯ ಪ್ರಶ್ನೆ. ಅದಕ್ಕೆ ನಾನು, ಇದೊಂದನ್ನು ಬಿಡಬಹುದೇನ್ರಿ ಎಂದು ಕೇಳಿದೆ. ಆಗ ಅವರು ಹಾಳೆ ಬದಿಗಿಟ್ಟು ಹೊರಗೆ ಹೋಗಿ, ಬೆಂಚಿನ ಮೇಲಿದ್ದ ಇಬ್ಬರನ್ನು ಕೇಳಿ ಒಪ್ಪಿಸಿ ಒಳಗೆ ಕರೆದುಕೊಂಡು ಬಂದರು. ಮೂವರಿಗೂ ಆಗಿದ್ದು ಅದೇ. ಒಬ್ಬ ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯವನು, ಕಬ್ಬು ಬೆಳೆಯುವವನು. ಇನ್ನೊಬ್ಬ ಹುಕ್ಕೇರಿಯಲ್ಲಿ ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯ ಸಾಬರ ಹುಡುಗ, ನಮ್ಮಲ್ಲಿ ಮದುವೆಯಾದವನು ಅವನೊಬ್ಬನೇ. ನೀವು ಮೂವರೂ ಆಜೂಬಾಜೂ ತಾಲ್ಲೂಕಿನವರು, ತಿಂಗಳಿಗೊಮ್ಮೆ ಕೂಡಿ ಮನಸ್ಸು ಬಿಚ್ಚಿ ಮಾತಾಡಿ ಎಂದರು ಆಕೆ. ನಾವು ಸಾಲಿ ಹುಡುಗರಂತೆ ತಲೆಯಾಡಿಸಿದೆವು.

ಮೊದಲ ತಿಂಗಳು ಗೋಕಾಕದಲ್ಲಿ ಕೂಡಿ ಕಬ್ಬಿನ ದರದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದೆವು. ಎರಡನೆಯ ತಿಂಗಳು ಮೂಡಲಗಿಯಲ್ಲಿ ಯಾವ ಬೈಕು ಎಷ್ಟು ಮೈಲೇಜು ಕೊಡುತ್ತದೆ ಎಂಬುದರ ಬಗ್ಗೆ. ಆಗಲೇ ನಮಗೊಂದು ನೆವ ಸಿಕ್ಕಿತು. ಅಲ್ಲಿನ ಹೊಟೇಲಿನಲ್ಲಿ ಯಾರೋ ಹಿರಿಯರು ನಮ್ಮ ಇಸ್ತ್ರಿ ಮಾಡಿದ ಅಂಗಿಗಳನ್ನು ನೋಡಿ, “ಏನ್ರಪಾ, ಕನ್ಯಾ ನೋಡಾಕ ಹೊಂಟೀರಿ?” ಎಂದು ಕೇಳಿದರು. ಮಸಗುಪ್ಪಿಯವನು ಹೂಂ ಎಂದುಬಿಟ್ಟ. ಅಷ್ಟೇ, ಮುಂದೆ ಒಂದು ಪ್ರಶ್ನೆಯೂ ಬರಲಿಲ್ಲ. ನಮ್ಮ ಕಡೆ ಈಗ ಹುಡುಗರಿಗೆ ಕನ್ಯಾ ಸಿಗುವುದಿಲ್ಲ. ನೌಕರಿ ಇರಬೇಕು, ಹೊಲವೂ ಇರಬೇಕು, ಆದರೆ ಹೊಲದಲ್ಲಿ ಕೆಲಸ ಮಾಡುವವನಾಗಿರಬಾರದು ಎನ್ನುತ್ತಾರೆ ಹೆಣ್ಣಿನ ಕಡೆಯವರು. ಹೀಗಾಗಿ ಐತವಾರ ರಜೆಯ ದಿನ ಮೂವರು ಗಂಡಸರು ತಲೆ ಬಾಚಿಕೊಂಡು ತಿರುಗಾಡುತ್ತಿದ್ದರೆ ಅದಕ್ಕೆ ಒಂದೇ ಅರ್ಥ. ಎರಡು ತಾಸು ಕೂತರೂ ಹೊಟೇಲಿನವರು ಏಳಿ ಎನ್ನುವುದಿಲ್ಲ, ಪಾಪ ಎನ್ನುತ್ತಾರೆ. ಮಸಗುಪ್ಪಿಯವನ ಸಲುವಾಗಿ ಹೋಗುತ್ತೇವೆ ಎಂದು ನಾನು ಅವ್ವನಿಗೆ ಹೇಳಿದೆ, ನನ್ನ ಸಲುವಾಗಿ ಎಂದು ಅವನು ಮನೆಯಲ್ಲಿ ಹೇಳಿದ. ಹುಕ್ಕೇರಿಯವನ ಹೆಂಡತಿಗೆ ಎಲ್ಲ ಗೊತ್ತಿತ್ತು. ಮೊದಲು ಗಂಟು ಕಂಡು ಅವನನ್ನು ಬೈದು ದವಾಖಾನೆಗೆ ಅಟ್ಟಿದವಳೇ ಅವಳು.

ಮೂರನೆಯ ತಿಂಗಳು ಹುಕ್ಕೇರಿಯಲ್ಲಿ ಚಹಾ ಕುಡಿಯುವಾಗ ಮಸಗುಪ್ಪಿಯವನು ತನ್ನ ಬಟ್ಟಲು ಮುಟ್ಟಲಿಲ್ಲ. ಯಾಕೆಂದು ಕೇಳಿದೆವು. ಅವನು ಹೇಳಿದ: “ಬುಧವಾರ ತಪಾಸಣಿ ಐತಿ. ಹದಿನೈದ ದಿನ ಮೊದಲ ಶುರು ಆಕ್ಕೈತಿ ನನಗ. ಕೆಮ್ಮ ಬಂದ್ರ ಎದಿಗೆ ಏರಿತು ಅಂತೇನಿ. ಬೆನ್ನ ನೋಯ್ದ್ರ ಬೆನ್ನಿಗೆ ಬಂತು ಅಂತೇನಿ. ಕಬ್ಬಿಗೆ ನೀರ ಹಾಯಸೂದ ಬಿಟ್ಟ ಬದುವಿನ ಮ್ಯಾಲ ಕುಂತ ಕುತಗಿ ಮುಟ್ಟಿ ಮುಟ್ಟಿ ನೋಡ್ಕೋತೇನಿ.” ಹುಕ್ಕೇರಿಯವನು ಬಟ್ಟಲು ಕೆಳಗಿಟ್ಟು, “ನಾ ಎಡಕಿನ ಬಗಲ ನೋಡ್ಕೋತೇನಿ ಭಾಯ್” ಎಂದ. ನಾನು ಕುತ್ತಿಗೆಯನ್ನೂ ಬಗಲನ್ನೂ ನೋಡಿಕೊಳ್ಳುತ್ತಿದ್ದೆ, ಹೇಳಿದೆ. ಮೂವರೂ ನಕ್ಕೆವು. ನಗುತ್ತ ಮಸಗುಪ್ಪಿಯವನು ಅಳತೊಡಗಿದ. ಹೊಟೇಲಿನವನು ಬಂದು, ಹೋದರೆ ಹೋಗಲಿ, ಬೇರೆ ಕನ್ಯಾ ಸಿಗುತ್ತದೆ ಎಂದು ಅವನ ಬೆನ್ನು ತಟ್ಟಿದ. ಆ ದಿನದಿಂದ ನಾವು ಖರೆಯಾಗಿ ಮಾತಾಡತೊಡಗಿದೆವು.

ಆಪರೇಶನ್ ಆಗಿ ಒಂದೂವರೆ ವರ್ಷವಾಗಿತ್ತು. ಆಗ ನನಗೊಂದು ಕನ್ಯಾ ಬಂತು. ಈ ಸಲ ಖರೆ ಕನ್ಯಾ. ಅಂಕಲಗಿಯವರು, ಅವ್ವನ ದೂರದ ಬಳಗದ ಕಡೆಯಿಂದ ಬಂದದ್ದು. ಮನೆ ನೋಡಲು ಇನ್ನೊಂದು ವಾರ ಬಿಟ್ಟು ಸೋಮವಾರ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಹುಡುಗಿಗೆ ಮೊದಲೇ ಎಲ್ಲ ಹೇಳೋಣ ಎಂದೆ. ಅವ್ವ ಖಡಕ್ ರೊಟ್ಟಿ ಮಾಡಿ ಖಾನಾವಳಿಗೆ ಕೊಡುವವಳು. ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆಯೇ, “ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡ ಅಂತಾರ” ಎಂದಳು. ಒಂಬೈನೂರ ತೊಂಬತ್ತೊಂಬತ್ತು ಹರ್ನಿಯಾಕ್ಕೇ ಖರ್ಚಾಗ್ಯಾವಲ್ಲ ಅವ್ವಾ ಎಂದೆ. ಆಕೆ ನಗಲಿಲ್ಲ. “ಮದವಿ ಆಗಲಿ. ಆಮ್ಯಾಲ ಹೇಳಾಕ ಬರ್ತೈತಿ. ಈಗ ಹೇಳಿದಿ ಅಂದ್ರ ಇದ ಅಲ್ಲ, ಯಾವ ಕನ್ಯಾನೂ ಈ ಹೊಸ್ತಲಾ ದಾಟಿ ಬರೂದಿಲ್ಲ. ನನ್ನ ಆಣಿ ಐತಿ” ಎಂದಳು. ಅವ್ವನ ಆಣೆ ಮುರಿಯಲು ಧೈರ್ಯವಿರಲಿಲ್ಲ, ಒಂದು ಹುಡುಗಿಗೆ ಮೋಸ ಮಾಡಲೂ ಮನಸ್ಸಿರಲಿಲ್ಲ. ಖರೆ ಹೇಳಬೇಕೆಂದರೆ ಮೂರನೆಯದೊಂದು ಇತ್ತು. ಅವ್ವ ಆಣೆ ಹಾಕಿದ್ದು ನನಗೆ ಒಳಗೊಳಗೇ ಹಿತವಾಗಿತ್ತು. ಹೇಳುವುದು ತಪ್ಪಿತಲ್ಲ.

ಇದನ್ನೇ ಮಾತಾಡಲು ಮುಂದಿನ ಐತವಾರ ನಾವು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿಗೆ ಹೋದೆವು. ಹೊಳೆಯ ಕಡೆ ಜನ ಕಡಿಮೆ ಎಂದು ಹುಕ್ಕೇರಿಯವನು ಹೇಳಿದ್ದ. ಊರ ಹತ್ತಿರ ಚಹಾದ ಅಂಗಡಿಯಲ್ಲಿ ನಿಂತಾಗ ಅಂಗಡಿಯವನು ವಾಡಿಕೆಯ ಪ್ರಶ್ನೆ ಕೇಳಿದ. ನಾವು ವಾಡಿಕೆಯ ಉತ್ತರ ಕೊಟ್ಟೆವು. ಯಾರ ಮನೆಗೆ ಎಂದ. ಇನ್ನೂ ಗೊತ್ತಿಲ್ಲ, ಎಲ್ಲಾದರೂ ಇದ್ದರೆ ನೋಡೋಣ ಅಂತ ಎಂದು ಮಸಗುಪ್ಪಿಯವನು ಹಾರಿಸಿದ. ಅಲ್ಲೇ ತಪ್ಪಾಯಿತು. ಗೋಕಾಕ ಮೂಡಲಗಿಯ ಹೊಟೇಲಿನವರು ಪಾಪ ಎಂದು ಸುಮ್ಮನಾಗುತ್ತಿದ್ದರು. ಇವನು ಮನೆ ಮಠ ಕೇಳಿದ, ಯಾವ ಪೈಕಿ ಎಂದು ಜಾತಿ ಕೇಳಿದ, ನನ್ನ ಉತ್ತರ ಅವನಿಗೆ ಹೊಂದಿತು, ಯಾರಿಗೋ ಫೋನು ಹಚ್ಚಿದ. ನಾವು ಎರಡನೆಯ ಚಹಾ ಮುಗಿಸುವಷ್ಟರಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಹಿರಿಯರೊಬ್ಬರು ಬಂದು ನಿಂತಿದ್ದರು. “ಬರ್ರಿ, ಮನಿ ಇಲ್ಲೇ ಐತಿ. ಚಾ ಇಲ್ಲ್ಯಾಕ ಕುಡದ್ರಿ” ಎಂದರು.

ಓಡಿಹೋಗಬಹುದಿತ್ತು ಎಂದು ಈಗ ಅನಿಸುತ್ತದೆ. ಆದರೆ ಕರೆಯಲು ಬಂದ ಹಿರಿಯರ ಮುಂದೆ ಗಾಡಿಗೆ ಕಿಕ್ ಹೊಡೆದು ಹೋಗುವುದು ನಮ್ಮ ಕೈಲಿ ಆಗುವ ಕೆಲಸವಲ್ಲ. ಹೋದೆವು. ಕಾಲಿಗೆ ನೀರು ಕೊಟ್ಟರು, ಜಮಖಾನೆ ಹಾಸಿದರು, ಉಪ್ಪಿಟ್ಟು ತಂದರು. ವರ ಯಾರು ಎಂಬ ಪ್ರಶ್ನೆ ಬಂದಾಗ ಇಬ್ಬರು ಗೆಳೆಯರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು. ಹುಕ್ಕೇರಿಯವನನ್ನು ಕನ್ಯಾ ತೋರಿಸುವ ಏಜೆಂಟನೆಂದು ತಿಳಿದು ಬಾಜೂ ಮನೆಯವರು ಅವನನ್ನು ಹೊರಗೆ ಕರೆದು ತಮ್ಮ ಮಗಳ ಫೋಟೋ ಕೊಟ್ಟರು. ಮೊಬೈಲ್ ನಂಬರು ಕೇಳಿದಾಗ ಮಸಗುಪ್ಪಿಯವನು ಧಾರಾಳವಾಗಿ ತನ್ನ ಮೊಬೈಲಿನಲ್ಲಿದ್ದ ನಮ್ಮ ಅವ್ವನ ನಂಬರು ಬರೆಸಿದ. ಹೊಲ ಎಷ್ಟು ಎಂದು ಕೇಳಿದರು. ಇಲ್ಲ ಎಂದೆ. ಹಿರಿಯರು ಉಪ್ಪಿಟ್ಟಿನ ತಾಟು ಸ್ವಲ್ಪ ನನ್ನ ಕಡೆ ಸರಿಸಿ, ತಿನ್ನಿರಿ ಎಂದರು.

ಹುಡುಗಿ ಬಂದು ಕೂತಳು. ಖಾಸಗಿ ಸಾಲಿಯಲ್ಲಿ ಕಲಿಸುತ್ತಾಳೆ ಎಂದರು. ಈಗಿನ ಕಾಲ, ಹುಡುಗ ಹುಡುಗಿ ಐದು ನಿಮಿಷ ಮಾತಾಡಲಿ ಎಂದು ಅವಳ ತಂದೆಯೇ ಹೇಳಿ ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದರು. ಹಿತ್ತಲಿಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ, ಜೋರಾಗಿ ಓಡುತ್ತಿತ್ತು. ಅದರ ಮೋಟರಿನ ಬೇರಿಂಗು ಸವೆದಿದೆ ಎಂಬುದೇ ನನಗೆ ಮೊದಲು ಹೊಳೆದದ್ದು. ಎರಡನೆಯದಾಗಿ ಹೊಳೆದದ್ದು, ಇವಳಿಗೆ ಹೇಳಿಬಿಡಬಹುದು ಎಂಬುದು. ಇದು ಖರೆ ಕನ್ಯಾ ಅಲ್ಲ, ನಾಳೆ ಇವಳನ್ನು ನಾನು ಕಾಣುವವನಲ್ಲ. ಅಂಕಲಗಿಯವರಿಗೆ ಹೇಳಲಾಗದ್ದನ್ನು ಇಲ್ಲಿ ಒಮ್ಮೆ ಬಾಯಿಂದ ಹೊರಗೆ ಹಾಕಿ ನೋಡಬಹುದು. ಅವ್ವನ ಆಣೆ ಅಂಕಲಗಿಗೆ ಮಾತ್ರ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

“ನಿಮಗೊಂದ ಮಾತ ಹೇಳಬೇಕ್ರಿ. ನನಗ ಕ್ಯಾನ್ಸರ್ ಆಗಿತ್ತು.”

“ಏನ್ರಿ? ಗಿರಣಿ ಸಪ್ಪಳಕ್ಕ ಕೇಳಸ್ಲಿಲ್ಲ.”

ಒಂದೂವರೆ ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಎರಡನೆಯ ಸಲ ಇನ್ನೂ ಜೋರಾಗಿ ಹೇಳಬೇಕಾಯಿತು. ಎಲ್ಲಿ ಆಗಿತ್ತು, ಏನು ತೆಗೆದರು ಎಂಬುದನ್ನೂ ಹೇಳಿದೆ. ಆಸ್ಪತ್ರೆಯ ಕಾಗದದ ಪದವನ್ನೇ ಬಳಸಿದೆ. ಸಾಲಿಯಲ್ಲಿ ಕಲಿಸುವವಳು, ಅರ್ಥವಾಯಿತು. ಅವಳು ಮುಖ ಕೆಂಪು ಮಾಡಿಕೊಂಡು ಗಿರಣಿಯ ಗೋಡೆ ನೋಡಿದಳು.

“ಈಗ?” ಎಂದಳು.

“ಈಗ ಆರಾಮ ಅದೇನಿ. ಮೂರ ತಿಂಗಳಿಗೊಮ್ಮೆ ತೋರಿಸ್ಕೊಂಡ ಬರಬೇಕು.”

“ಮತ್ತ ಮಕ್ಕಳು?”

“ಆಕ್ಕಾವು ಅಂದಾರ. ಬರದ ಕೊಟ್ಟಿಲ್ಲ.”

ಅವಳಿಗೆ ನಗು ಬಂತು, ತಡೆದುಕೊಂಡಳು. “ನನ್ನ ನೋಡಾಕ ಬಂದವರಾಗ ನೀವು ಹನ್ನೊಂದನೇದವರು. ಒಬ್ಬಾವ ಕುಡಿಯೂದಿಲ್ಲ ಅಂತ ಆಣಿ ಮಾಡಿದ, ವಾಸನಿ ಅಡಗಿ ಮನಿತನಾ ಬರ್ತಿತ್ತು. ಇನ್ನೊಬ್ಬಾಂವಗ ಮೊದಲ ಒಂದ ಮದವಿ ಆಗಿತ್ತು. ಯಾರೂ ತಾವಾಗಿ ಏನೂ ಹೇಳಿಲ್ಲ. ನೀವ್ಯಾಕ ಹೇಳಿದ್ರಿ?”

ನಾವು ಕನ್ಯಾ ನೋಡಲು ಬಂದವರೇ ಅಲ್ಲ ಎಂದು ಹೇಳಬೇಕಿತ್ತು. ದೊಡ್ಡ ಖರೆ ಹೇಳಿದವನಿಗೆ ಈ ಸಣ್ಣ ಖರೆ ಹೇಳಲು ಬಾಯಿ ಬರಲಿಲ್ಲ. “ಆಮ್ಯಾಲ ಗೊತ್ತಾಗೂದಕಿಂತ ಈಗ ಗೊತ್ತಾಗೂದ ಚಲೋ ಅಲ್ಲೇನ್ರಿ” ಎಂದೆ. ಒಳಗೆ ಹೇಳುತ್ತೀರೇನು ಎಂದೂ ಕೇಳಿದೆ. “ಅದು ನಿಮ್ಮ ಮಾತು. ನಾ ಯಾಕ ಹೇಳ್ಲಿ?” ಎಂದು ಹೇಳಿ ಅವಳು ಒಳಗೆ ಹೋದಳು. ತಿರುಗಿ ಬರುವ ದಾರಿಯಲ್ಲಿ ಗೆಳೆಯರಿಬ್ಬರೂ ನನ್ನ ಕ್ಷಮೆ ಕೇಳಿದರು. ಕೇಳಬೇಡಿ ಎಂದೆ. ಬಹಳ ದಿನಗಳ ಮೇಲೆ ನನಗೆ ಜೋರು ಹಸಿವೆಯಾಗಿತ್ತು. ಹುಕ್ಕೇರಿಯವನ ಮನೆಗೆ ಹೋಗಿ ಮೂವರೂ ಉಂಡೆವು. ಅವನ ಹೆಂಡತಿ ಬಡಿಸುತ್ತ, ಗಂಡನ ಕಿಸೆಯಲ್ಲಿದ್ದ ಫೋಟೋ ಯಾರದು ಎಂದು ವಿಚಾರಿಸಿದಳು.

ಮೂರು ದಿನ ಬಿಟ್ಟು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅವ್ವ ಒಲೆಯ ಮುಂದೆ ಇದ್ದಳು. ಫೋನು ಬಂತು. ಕೈ ತುಂಬ ಹಿಟ್ಟು ಇದ್ದುದರಿಂದ ಸ್ಪೀಕರಿಗೆ ಹಾಕು ಎಂದಳು, ಹಾಕಿದೆ.

“ನಮಸ್ಕಾರ್ರಿ ಅಕ್ಕಾರ. ದಡ್ಡಿಯಿಂದ ಮಾತಾಡಾಕತ್ತೇನ್ರಿ. ಐತವಾರ ನಿಮ್ಮ ಹುಡುಗ ನಮ್ಮ ಮಗಳನ್ನ ನೋಡಾಕ ಬಂದಿದ್ರಲ್ಲ. ಹುಡುಗ ಚಲೋ ಅದಾರ, ಅದಕ್ಕ ಎರಡ ಮಾತಿಲ್ಲ. ಆದ್ರ ಮಗಳು ಒಲ್ಲೆ ಅಂತಾಳ್ರಿ. ಹೊಲ ಇಲ್ಲ ಅಂತಾಳ. ಮತ್ತ ಕೈಗೆ ವಾರ್ನಿಶ್ ವಾಸನಿ ಭಾಳ ಅಂತ. ತಪ್ಪ ತಿಳ್ಕೋಬ್ಯಾಡ್ರಿ.”

ಅವ್ವನಿಗೆ ತಲೆಬುಡ ತಿಳಿಯದಿದ್ದರೂ ಕೊನೆಯ ಮಾತು ತಿಳಿಯಿತು. “ದುಡಿಯೂ ಕೈರಿ ಅವು. ವಾರ್ನಿಶ್ ವಾಸನಿ ಬಿಟ್ಟ ಅತ್ತರದ ವಾಸನಿ ಬರ್ತೈತೇನ?” ಎಂದು ಫೋನಿಗೆ ಹೇಳಿ, ಮೊಳಕೈಯಿಂದಲೇ ಅದನ್ನು ಬಂದ್ ಮಾಡಿ ನನ್ನ ಕಡೆ ತಿರುಗಿದಳು. “ನನ್ನ ಬಿಟ್ಟ ಕನ್ಯಾ ನೋಡಾಕ ಹೋಗಿದ್ದಿ? ನಾ ಇನ್ನೂ ಸತ್ತಿಲ್ಲ.”

ನನಗೆ ನಗು ಬರುತ್ತಿತ್ತು. ತಡೆಯಲಾಗಲಿಲ್ಲ. ಒಂದೂವರೆ ವರ್ಷದಿಂದ ಒಂದೇ ಒಂದು ಕಾರಣಕ್ಕೆ ಲೋಕ ನನ್ನನ್ನು ಬೇಡವೆನ್ನುತ್ತದೆ ಎಂದು ಕಾದು ಕೂತಿದ್ದೆ. ಆ ಕಾರಣ ನನ್ನ ಬಾಯಿಂದಲೇ ಕೇಳಿ ತಿಳಿದ ಮೊದಲ ಹುಡುಗಿ, ಗೋಕಾಕದ ಅರ್ಧ ಗಂಡುಹುಡುಗರನ್ನು ಬೇಡವೆನ್ನುವ ಕಾರಣಕ್ಕೇ ನನ್ನನ್ನೂ ಬೇಡವೆಂದಿದ್ದಳು. ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ. ಕೈ ಮೂಸಿ ನೋಡಿದೆ, ವಾಸನೆ ಇತ್ತು. ಅಂದು ಸಂಜೆ ಎರಡು ಸಲ ಸಾಬೂನು ಹಚ್ಚಿ ತೊಳೆದೆ.

“ಯಾಕ ನಗತಿ?” ಎಂದಳು ಅವ್ವ.

“ಆ ಹುಡುಗಿಗೆ ನಾ ಎಲ್ಲಾ ಹೇಳಿದ್ದೆ ಅವ್ವಾ. ಹರ್ನಿಯಾ ಅಲ್ಲ ಅಂತ.”

ಅವ್ವ ಹಂಚಿನ ಮೇಲಿನ ರೊಟ್ಟಿ ತೆಗೆದು ಒಲೆ ಆರಿಸಿದಳು. ಖಾನಾವಳಿಯ ರೊಟ್ಟಿ ಅರ್ಧಕ್ಕೆ ಬಿಟ್ಟು ಆಕೆ ಒಲೆ ಆರಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬೈಗುಳಕ್ಕೆ ತಯಾರಾಗಿ ನಿಂತೆ.

“ಹೇಳಿದ ಮ್ಯಾಲೂ ಹೊಲ ಇಲ್ಲಂತ ಬ್ಯಾಡಂದ್ಲು?”

“ಮತ್ತ ವಾರ್ನಿಶ್ ವಾಸನಿ.”

ಆಕೆ ಒಂದೊಂದೇ ಬೆರಳಿನ ಹಿಟ್ಟನ್ನು ಉಜ್ಜಿ ತೆಗೆದಳು. ಆಮೇಲೆ, “ಸೋಮವಾರ ಅಂಕಲಗಿಯವರ ಮುಂದ ನೀ ಬಾಯಿ ಬಿಡಬ್ಯಾಡ” ಎಂದಳು. ನಾನು ಏನೋ ಹೇಳಲು ಹೋದೆ. “ನೀ ಹೆಂಗರ ಹೇಳ್ತಿ. ನಾ ಹೇಳ್ತೇನಿ” ಎಂದಳು.

ಸೋಮವಾರ ಐದು ಜನ ಬಂದರು. ಹುಡುಗಿಯ ತಂದೆ, ಕಾಕಾ, ಸೋದರಮಾವ, ಇಬ್ಬರು ಹೆಂಗಸರು. ಮನೆ ನೋಡಿದರು, ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದರು. ಅವ್ವ ಚಹಾದ ತಾಟು ತಂದು ಅವರ ಮುಂದೆ ಇಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಒಂದ ಮಾತ ಹೇಳ್ತೇನ್ರಿ. ನಮ್ಮ ಹುಡುಗಗ ಕ್ಯಾನ್ಸರ್ ಆಗಿತ್ತು. ಈಗ ಗುಣ ಆಗೈತಿ” ಎಂದಳು. ಆ ಪದ ಅವ್ವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಎಲ್ಲಿ ಎಂದು ಕಾಕಾ ಕೇಳಿದರು. ಅವ್ವ ಸೆರಗು ಬಿಗಿ ಮಾಡಿಕೊಂಡು, ಗಂಡಸರಿಗೆ ಆಗುವಂಥ ಜಾಗದಲ್ಲಿ ಎಂದಳು. ಡಾಕ್ಟರು ಮೂರು ಸಲ ಹೇಳಿದ್ದನ್ನು ತಾನೂ ಮೂರು ಸಲ ಹೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ವಿಚಾರ ಮಾಡಿ ಹೇಳುತ್ತೇವೆ ಎಂದು ಎದ್ದರು. ಚಹಾ ಒಬ್ಬರೂ ಮುಟ್ಟಲಿಲ್ಲ. ಸುದ್ದಿ ಹರಡಿ ಗೋಕಾಕದ ಹರ್ನಿಯಾ ಆ ಸಂಜೆಯೊಳಗೆ ಗುಣವಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವ್ವ ಅಳುತ್ತಾಳೆ ಎಂದುಕೊಂಡೆ. ಆಕೆ ಅವರು ಕೂತಿದ್ದ ಜಮಖಾನೆಯ ಮೇಲೇ ಕೂತು, ಒಂದು ಕಪ್ಪು ನನ್ನ ಕೈಗೆ ಕೊಟ್ಟು ಇನ್ನೊಂದು ತಾನು ತೆಗೆದುಕೊಂಡಳು. “ಹೋದ್ರ ಹೋಗ್ಲಿ ಬಿಡು. ಕುಡಿ, ಆರತೈತಿ” ಎಂದಳು. ಕುಡಿದೆವು. ಹೊರಗೆ ಅವರ ಗಾಡಿ ಶುರುವಾದ ಸಪ್ಪಳ ಕೇಳಿತು. ಎರಡನೆಯ ಕಪ್ಪು ಎತ್ತಿಕೊಳ್ಳುವಾಗ ಆಕೆ ನನ್ನ ಮುಖ ನೋಡದೆ ಕೇಳಿದಳು.

“ಆವಾಗ ಭಾಳ ತ್ರಾಸ ಆಗಿತ್ತೇನೋ ನಿನಗ?”

ಒಂದೂವರೆ ವರ್ಷದಲ್ಲಿ ಅವ್ವ ನನ್ನನ್ನು ಏನೆಲ್ಲ ಕೇಳಿದ್ದಳು. ಉಂಡೆಯಾ, ಗುಳಿಗೆ ತೊಗೊಂಡೆಯಾ, ಯಾರು ಬಂದಿದ್ದರು, ಏನು ಕೇಳಿದರು, ನೀನೇನು ಹೇಳಿದೆ. ಇದೊಂದನ್ನು ಕೇಳಿರಲಿಲ್ಲ. ಹರ್ನಿಯಾದವನಿಗೆ ಅಷ್ಟೊಂದು ತ್ರಾಸಾಗುವುದಿಲ್ಲ.

“ಆಗಿತ್ತವ್ವಾ” ಎಂದೆ.

“ಹೇಳು” ಎಂದಳು.

ಮೊದಲ ಸಲ ಗಂಟು ಕೈಗೆ ಹತ್ತಿದ ದಿನದಿಂದ ಶುರುಮಾಡಿ ಹೇಳಿದೆ. ಉಳಿದ ಎರಡು ಕಪ್ಪು ಚಹಾ ಆರಿಹೋಯಿತು.